ಕಲಿ ಹೊಕ್ಕ ಮನೆ

ನಳನ ಮೈ ಹೊಗಲು ಕಲಿ 12 ವರ್ಷ ಕಾದನಂತೆ. ಒಂದು ಸಂಜೆ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ. ಅಷ್ಟೇ ಸಾಕಾಯಿತು. ಜೂಜಿನಲ್ಲಿ ರಾಜ್ಯ ಹೋಯಿತು. ಕಾಡಿನಲ್ಲಿ ಮಲಗಿದ್ದ ಹೆಂಡತಿ ದಮಯಂತಿಯ ಸೀರೆಯ ಅರ್ಧ ಹರಿದುಕೊಂಡು ಹೊರಟ, ಹೋಗಲಾರದೆ ತಿರುಗಿ ಬಂದ, ಮತ್ತೆ ಹೊರಟ, ಮತ್ತೆ ಬಂದ, ಕೊನೆಗೆ ಹೊರಟೇ ಹೋದ.

ಹೊನ್ನಾವರ ಕಡೆಯ ನಮಗೆ ಈ ಕತೆ ಬಂದದ್ದು ಯಕ್ಷಗಾನದ ಆಟದಿಂದ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಸೀಮೆ ಇದು. ಕುಮಟಾದಿಂದ ಭಟ್ಕಳದವರೆಗೆ, ಗದ್ದೆ ಕೊಯ್ಲು ಮುಗಿಯಿತೆಂದರೆ ಎಲ್ಲಿಂದಲಾದರೂ ಚಂಡೆಯ ಸದ್ದು ಕೇಳಲೇಬೇಕು. ಮನೆಯೊಳಗೆ ಪಿಸುಗುಡಲೂ ಹೆದರುವ ಮಾತನ್ನು ಊರಿಗೆ ಊರೇ ಬಯಲಲ್ಲಿ ಕೂತು ಬೆಳಗಿನವರೆಗೆ ಕೇಳುತ್ತಿತ್ತಲ್ಲ, ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ನಮ್ಮ ಮನೆಯಲ್ಲಿ ಅಂಥ ಮಾತೊಂದಿತ್ತು. ದೊಡ್ಡ ಮಗ ಹೊಳೆಯ ಪಾಲಾದ ಮೇಲೆ ದೊಡ್ಡಪ್ಪ ಮಾತು ಬಿಟ್ಟರು. ಆಮೇಲೆ ರಾತ್ರಿಯಿಡೀ ಮಾತಾಡತೊಡಗಿದರು, ಮಗ ಎದುರಿಗೇ ಕೂತಿದ್ದಾನೆ ಎಂಬಂತೆ. ತಿಂಗಳಿಗೊಮ್ಮೆ ಕುಮಟಾಕ್ಕೆ ಬಸ್ಸು ಹತ್ತಿ ಗುಳಿಗೆ ತರುವುದು, ಕೇಳಿದವರಿಗೆ ಬಿ.ಪಿ. ಎನ್ನುವುದು. ದೊಡ್ಡಾಯಿ ಮಾತ್ರ ಒಮ್ಮೆ ನನ್ನ ಹತ್ತಿರ, "ಒಳಗೇ ಇದ್ದಾರೆ ತಮಾ, ಕಾಯಬೇಕು" ಅಂದಿದ್ದಳು.

ನ್ಯೂಯಾರ್ಕಿನ ಬ್ರಾಡ್‌ವೇಗೆ 2009ರಲ್ಲಿ ಬಂದ 'ನೆಕ್ಸ್ಟ್ ಟು ನಾರ್ಮಲ್' ಎಂಬ ಸಂಗೀತ ನಾಟಕದಲ್ಲೂ ಹೀಗೇ. ಶೈಶವದಲ್ಲೇ ತೀರಿಕೊಂಡ ಮಗ ತಾಯಿಯ ಕಣ್ಣಿಗೆ ಹದಿಹರೆಯದವನಾಗಿ ಮನೆತುಂಬ ಓಡಾಡುತ್ತಾನೆ, ಹಾಡುತ್ತಾನೆ. ಅದರ ಕತೆ ತಿಳಿದಾಗ ನನಗೆ ದೊಡ್ಡಪ್ಪನ ನಡುರಾತ್ರಿಯ ದನಿಯೇ ಕೇಳಿಸಿತು. ಈ ಸಂಕಟಕ್ಕೆ ಅಲ್ಲಿಯವರಿಗೂ ಹಾಡೇ ಬೇಕಾಯಿತಲ್ಲ!

ನಳನ ಕತೆಯಲ್ಲಿ ನನಗೆ ದೊಡ್ಡ ಬೆರಗೆಂದರೆ ಕಲಿ ಬಿಟ್ಟುಹೋದ ನಂತರದ ಭಾಗ. ಕಾರ್ಕೋಟಕ ಕಚ್ಚಿ ನಳ ಗಿಡ್ಡ ತೋಳಿನ ಬಾಹುಕನಾಗಿದ್ದಾನೆ. ಆ ವಿಷ ಸುಡುವುದು ಒಳಗೆ ಕೂತ ಕಲಿಯನ್ನು. ರಾಜ ಋತುಪರ್ಣನಿಂದ ಅಕ್ಷಹೃದಯ ಎಂಬ ದಾಳದ ವಿದ್ಯೆ ಕಲಿತ ಗಳಿಗೆಯಲ್ಲಿ ಕಲಿ ವಿಷ ಕಾರುತ್ತ ಹೊರಬಿದ್ದು ತಾರೆ ಮರ ಸೇರುತ್ತಾನೆ. ಆದರೂ ನಳ ಇನ್ನೂ ಬಾಹುಕನೇ. ದಮಯಂತಿ ಅವನ ಕೈಯಡುಗೆ ತರಿಸಿ, ಬಾಯಿಗಿಟ್ಟು ನೋಡಿ ಗುರುತು ಹಿಡಿಯಬೇಕು. ಇಂಥವರೊಬ್ಬರ ಜೊತೆ ವರ್ಷಗಟ್ಟಲೆ ಬಾಳಿದವರೇ ಈ ಕತೆ ಹೇಳಿರಬೇಕು, ಬೇರೆಯವರಿಗೆ ಇದು ಹೊಳೆಯುವುದಿಲ್ಲ.

ದೊಡ್ಡಪ್ಪನಿಗೂ ಗುಳಿಗೆ ಹಿಡಿಯಿತು, ನಿದ್ದೆ ಬಂತು. ಆದರೂ ಎಷ್ಟೋ ತಿಂಗಳು ಜಗಲಿಯಲ್ಲಿ ಯಾರೋ ಪರವೂರಿನವರ ಹಾಗೆ ಕೂತಿರುತ್ತಿದ್ದರು. ಒಂದು ಬೇಸಿಗೆಯ ಬೆಳಿಗ್ಗೆ ತಾವಾಗಿ ಎದ್ದು ಅಪ್ಪೆಮಿಡಿ ಬೇಯಿಸಿ, ಕಿವುಚಿ, ಸೂಜಿಮೆಣಸು ನುರಿದು, ಕೊಬ್ಬರಿ ಎಣ್ಣೆಯ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿದರು. ದೊಡ್ಡಾಯಿ ಒಂದು ಲೋಟ ಕುಡಿದಳು. ಏನೂ ಅನ್ನದೆ ಮತ್ತೊಂದು ಲೋಟ ಬಗ್ಗಿಸಿಕೊಂಡಳು.

ಆ ವರ್ಷ ಅವರನ್ನು ಆಟಕ್ಕೆ ಕರೆದೊಯ್ದೆ. ನಳ ದಮಯಂತಿ ಪ್ರಸಂಗ. ಬೆಳಗಿನ ಜಾವ ಚೌಕಿಯಲ್ಲಿ ಮಲಗಿದ್ದ ಇಬ್ಬರು ಮಕ್ಕಳನ್ನು ಎಬ್ಬಿಸಿ, ಅರ್ಧ ಬಣ್ಣ ಒರೆಸಿಹೋದ ಕೆನ್ನೆಯಲ್ಲೇ ರಂಗಕ್ಕೆ ಬಿಟ್ಟರು. ಚಂಡೆ ನಿಂತಿತ್ತು, ಮದ್ದಲೆ ಮಾತ್ರ ಮೆಲ್ಲಗೆ. ಬಾಹುಕ ಇಬ್ಬರನ್ನೂ ಬಾಚಿ ತಬ್ಬಿ ಅತ್ತ. ಯಾಕೆ ಅಳುತ್ತೀ ಎಂದು ದಮಯಂತಿಯ ದಾಸಿ ಕೇಶಿನಿ ಕೇಳಿದಳು. ನನ್ನ ಮಕ್ಕಳೂ ಹೀಗೇ ಇದ್ದಾರೆ, ಅದಕ್ಕೆ, ಅಂದ.

ಬಗಲಲ್ಲಿ ದೊಡ್ಡಪ್ಪ ಅಲುಗದೆ ಕೂತಿದ್ದರು. ಭಾಗವತರು ಪದ ಎತ್ತಿದಾಗ ಅವರ ಬೆರಳು ನನ್ನ ಮೊಣಕಾಲ ಮೇಲೆ ತಾಳ ಹಾಕತೊಡಗಿತು.