ತಂತಿ ಕಳಚಿದ ಮೇಲೆ ಉಳಿಯುವ ಹಿಂಸೆ

ಮಿದುಳು, ಹೃದಯ, ಸ್ನಾಯುಗಳು ಕೆಲಸ ಮಾಡುವಾಗ ಹುಟ್ಟುವ ಸೂಕ್ಷ್ಮ ವಿದ್ಯುತ್ ಏರಿಳಿತಗಳನ್ನು ಜೈವಿಕ ವಿದ್ಯುತ್ ಸಂಕೇತಗಳೆನ್ನುತ್ತಾರೆ. ಮನುಷ್ಯನ ಚರ್ಮದ ಮೇಲೆ ಸಿಗುವ ಹೃದಯದ ಸಂಕೇತವೇ ಸುಮಾರು 1 ಮಿಲಿವೋಲ್ಟ್‌ನಷ್ಟೇ ಇದ್ದು ಅಲುಗಾಟಕ್ಕೆ ಕೆಡುವುದರಿಂದ, ಇಂತಹವನ್ನು ತಂತಿಯ ಮೂಲಕ ದಾಖಲಿಸುವಾಗ ಪ್ರಾಣಿ ಅಲುಗದಂತೆ ಕಟ್ಟಿ ಕೂರಿಸುವುದು ಬಹುಕಾಲ ರೂಢಿಯಲ್ಲಿತ್ತು. ಸಂಕೇತವನ್ನು ದೇಹದ ಮೇಲೆಯೇ ವರ್ಧಿಸಿ, ಅಂಕಿಗಳಾಗಿಸಿ, ರೇಡಿಯೊ ಅಲೆಗಳಲ್ಲಿ ಕಳುಹಿಸುವ ನಿಸ್ತಂತು ಸಾಧನಗಳು ಆ ಕಟ್ಟನ್ನು ಬಿಚ್ಚಿವೆ. ಇದೇ ದಿಕ್ಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಕಟ್ಟಿಹಾಕದ ಮಂಗಗಳು ಸ್ಪರ್ಶಪರದೆಯ ಮುಂದೆ ಬಂದು ಕೂತಾಗ ಅವುಗಳ ಕಣ್ಣೋಟವನ್ನು ನಿಖರವಾಗಿ ಅಳೆಯುವ ವ್ಯವಸ್ಥೆಯನ್ನು 2021ರಲ್ಲಿ ಈಲೈಫ್ ಪತ್ರಿಕೆಯಲ್ಲಿ ವಿವರಿಸಿದರು.

ಕಟ್ಟು ಬಿಚ್ಚಿದೊಡನೆ ಪ್ರಯೋಗ ಅಹಿಂಸೆಯಾಗುತ್ತದೆಯೆ ಎಂಬುದು ಇಲ್ಲಿನ ಪ್ರಶ್ನೆ. ಜೀವಕ್ಕೆ ಆಗುವ ಹೊರಗಿನ ಹಾನಿಯನ್ನು ದ್ರವ್ಯಹಿಂಸೆಯೆಂದೂ, ಅದಕ್ಕೆ ಮೂಲವಾದ ರಾಗದ್ವೇಷ ಹಾಗೂ ಅಜಾಗ್ರತೆಯನ್ನು ಭಾವಹಿಂಸೆಯೆಂದೂ ಜೈನದರ್ಶನ ವಿಂಗಡಿಸುತ್ತದೆ. ನಿಸ್ತಂತು ಸಾಧನ ಮೊದಲನೆಯದನ್ನು ತಗ್ಗಿಸುವುದು ನಿಜವಾದರೂ ಅಳಿಸುವುದಿಲ್ಲ. ಏಕೆಂದರೆ ಮಿದುಳಿನೊಳಗಿನ ಸಂಕೇತ ಬೇಕಾದಲ್ಲಿ ಎಲೆಕ್ಟ್ರೋಡ್ ಇಡುವ ಶಸ್ತ್ರಕ್ರಿಯೆ ತಪ್ಪದು, ಪಂಜರದ ಗೋಡೆಯೂ ಕರಗದು. ಎರಡನೆಯದರ ವಿಷಯ ಇನ್ನಷ್ಟು ಸಿಕ್ಕಿನದು: ಬೆದರಿದ ಪ್ರಾಣಿಯ ಹೃದಯಬಡಿತ ಮಾಪನವನ್ನೇ ಕೆಡಿಸುವುದರಿಂದ ಅದರ ನೆಮ್ಮದಿ ಸಂಶೋಧಕನಿಗೂ ಲಾಭವೇ ಆಗಿದ್ದು, ಲಾಭಕ್ಕಾಗಿ ತೋರಿದ ಕರುಣೆಯನ್ನು ಕರುಣೆಯೆನ್ನಬಹುದೆ ಎಂಬ ಸಂಶಯ ಉಳಿಯುತ್ತದೆ.

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮಾಂಸ ಮಾರುವ ಸಮಾಜ ಪ್ರಯೋಗಾಲಯವನ್ನು ಮಾತ್ರ ಪ್ರಶ್ನಿಸುವುದು ಅಸಂಗತವೆಂಬ ಆಕ್ಷೇಪ ಉಂಟು; ಆದರೆ ಒಂದು ಹಿಂಸೆ ಇನ್ನೊಂದಕ್ಕೆ ಸಮರ್ಥನೆಯಾಗಲಾರದು. ಬಿಚ್ಚಿಬಿಟ್ಟ ಪ್ರಾಣಿಗೆ ಎದ್ದುಹೋಗುವ ಅವಕಾಶ ಸಿಗುತ್ತದೆ ಎಂಬುದೇ ಈ ತಂತ್ರದ ನೈತಿಕ ತೂಕ. ಎದ್ದುಹೋಗದೆ ಉಳಿಯುವುದು ಸಮ್ಮತಿಯಲ್ಲ, ಸಮ್ಮತಿಸಲು ಪ್ರಾಣಿಗೆ ಪ್ರಯೋಗದ ಉದ್ದೇಶವೇ ತಿಳಿಯದು. ಆದರೂ ಎದ್ದುಹೋಗುವುದು ನಿರಾಕರಣೆ, ಆ ನಿರಾಕರಣೆಯನ್ನು ಬಾಯಾರಿಕೆಯಿಂದಲೋ ಹಸಿವಿನಿಂದಲೋ ಮಣಿಸಿದರೆ ಬಿಚ್ಚಿದ ಕಟ್ಟು ಬೇರೆ ರೂಪದಲ್ಲಿ ಮರಳುತ್ತದೆ.

ಪ್ರಾಣಿಪ್ರಯೋಗದ ಬಗ್ಗೆ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಮಂಡಿಸಿದ ಮೂರು ತತ್ವಗಳಲ್ಲಿ, ನಿಸ್ತಂತು ಸಾಧನ ಮಾಡುವಂತೆ ನೋವು ತಗ್ಗಿಸುವ ಪರಿಷ್ಕಾರ ಒಂದು. ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ಇಳಿಸುವುದು ಉಳಿದೆರಡು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕೆಂಬ ಆಶಯವನ್ನು ಹೊಂದಿದೆ. ಆದ್ದರಿಂದ ನಿಸ್ತಂತು ಸಾಧನವನ್ನು ಕೊಳ್ಳುವ ಮುನ್ನವೇ ಆ ಪ್ರಯೋಗ ಅಗತ್ಯವೆ ಎಂದು ಕೇಳುವುದು ಪ್ರಾಣಿಪ್ರಯೋಗಗಳನ್ನು ಪರಿಶೀಲಿಸುವ ಪ್ರತಿ ನೈತಿಕ ಸಮಿತಿಯ ಮೊದಲ ಕರ್ತವ್ಯ.