ಎರಡು ಅಂಬಾಸಿಡರ್‌ಗಳು

ಅಂಬಾಸಿಡರ್ ಎಂಬ ಕಾರು ಅಮೆರಿಕದಲ್ಲೂ ಇತ್ತು. ನ್ಯಾಶ್ ಕಂಪನಿ ಶುರುಮಾಡಿದ್ದನ್ನು ಅಮೆರಿಕನ್ ಮೋಟಾರ್ಸ್ ಮುಂದುವರಿಸಿತು. ಮನೆಮಂದಿಯೆಲ್ಲ ಕೂತು ಹೋಗಲೆಂದು ಮಾಡಿದ ಕಾರು. 1968ರಲ್ಲಿ ಅದರ ಎಲ್ಲ ಮಾದರಿಗಳಿಗೂ ಏಸಿ ಕೂಡಿಸಿಯೇ ಮಾರಿದರು. ಆಗ ಅಲ್ಲಿ ಸಾಮಾನ್ಯ ಕುಟುಂಬದ ಕಾರಿಗೆ ಏಸಿ ಬೇಕೆಂದರೆ ಬೇರೆ ಹಣ ಕೊಡಬೇಕಿತ್ತು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಎಂಬ ಮೂವರು ದೊಡ್ಡವರ ನಡುವೆ ಉಳಿಯಲು ಅದು ಮತ್ತೆ ಮತ್ತೆ ರೂಪ ಬದಲಿಸಿತು, ಉದ್ದವಾಯಿತು, ಭಾರವಾಯಿತು. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಅಷ್ಟು ಪೆಟ್ರೋಲ್ ಕುಡಿಯುವ ಕಾರನ್ನು ಕೇಳುವವರು ಕಡಿಮೆಯಾದರು. 1974ರಲ್ಲಿ ತಯಾರಿಕೆ ನಿಂತಿತು.

ನಮ್ಮ ಅಂಬಾಸಿಡರ್ ಅದಾದ ಮೇಲೂ ನಲವತ್ತು ವರ್ಷ ಬದುಕಿತು.

ಹೆಸರು ಬಿಟ್ಟರೆ ಇವೆರಡಕ್ಕೂ ನಂಟಿಲ್ಲ. ನಮ್ಮದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಮಾಡತೊಡಗಿತು. ಇಂಗ್ಲೆಂಡ್ ಆ ಮಾದರಿಯನ್ನು ಬೇಗನೆ ಕೈಬಿಟ್ಟಿತು, ನಾವು ಬಿಡಲಿಲ್ಲ. ಮಾರ್ಕ್ ಟು, ಮಾರ್ಕ್ ತ್ರೀ, ಮಾರ್ಕ್ ಫೋರ್ ಎಂದು ಹೆಸರು ಬದಲಾಯಿತು, ಮುಂದಿನ ಜಾಲರಿ ಬದಲಾಯಿತು, ದುಂಡನೆಯ ಮೈ ಮಾತ್ರ ಹಾಗೇ ಇತ್ತು. ಡೀಸೆಲ್ ಎಂಜಿನ್ ಬಂದಾಗ ಬಾಡಿಗೆ ಓಡಿಸುವವರ ಕಷ್ಟ ಎಷ್ಟೋ ಇಳಿಯಿತು. ಇಸುಜು ಎಂಜಿನ್, ಐದು ಗೇರು ಬಂದದ್ದು 1990ರ ದಶಕದಲ್ಲಿ.

ಬದಲಾಗದೆ ಉಳಿಯಲು ಕಾರಣ ಸರ್ಕಾರದ ನೀತಿ. ಬಿಡಿಭಾಗ ತಂದು ಬರೀ ಜೋಡಿಸುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ ಎಂದಾದಾಗ ಫೋರ್ಡ್, ಜನರಲ್ ಮೋಟಾರ್ಸ್ 1950ರ ದಶಕದಲ್ಲಿ ಹೊರಟುಹೋದವು. ಉಳಿದ ಕಾರು ತಯಾರಕರು ಕೈಬೆರಳೆಣಿಕೆಯಷ್ಟು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವವರ ಸಾಲು ಬಾಗಿಲಲ್ಲಿ ನಿಂತಿರುವಾಗ ಕಾರನ್ನು ಸುಧಾರಿಸುವ ಚಿಂತೆ ಯಾವ ಕಂಪನಿಗೆ ಬರುತ್ತದೆ? ಅಮೆರಿಕದ ಅಂಬಾಸಿಡರ್ ಪೈಪೋಟಿಯಲ್ಲಿ ಸತ್ತಿತು. ನಮ್ಮದು ಪೈಪೋಟಿಯೇ ಇಲ್ಲದೆ ಸೊರಗಿತು, 1983ರ ಡಿಸೆಂಬರ್‌ನಲ್ಲಿ ಮಾರುತಿ ಬಂದಾಗ ಎದುರು ನಿಲ್ಲುವ ತ್ರಾಣ ಅದಕ್ಕೆ ಉಳಿದಿರಲಿಲ್ಲ.

ಆದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಂಥ ಊರುಗಳಿಂದ ನೋಡಿದರೆ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಡಕೆ, ತೆಂಗಿನ ತೋಟದ ಅನುಕೂಲಸ್ಥರ ಮನೆ ಮುಂದೆ ಒಂದು ಅಂಬಾಸಿಡರ್, ಬಾಡಿಗೆಗೆ ಊರೊಳಗೆ ಇನ್ನೊಂದಷ್ಟು. ಮುಂದಿನ ಸೀಟು ಉದ್ದನೆಯ ಬೆಂಚು, ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲಿ. ಹಾಗಾಗಿ ಡ್ರೈವರ್ ಜೊತೆಗೇ ಇಬ್ಬರು ಕೂರುತ್ತಿದ್ದರು, ಅವರ ತೊಡೆಯ ಮೇಲೆ ಮಕ್ಕಳು. ಹಿಂದೆ ಎಷ್ಟು ಜನ ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಮದುವೆಯ ದಿಬ್ಬಣ ಅದರಲ್ಲೇ, ಧರ್ಮಸ್ಥಳದ ಹರಕೆ ಅದರಲ್ಲೇ. ಚುನಾವಣೆ ಬಂದರೆ ನೆತ್ತಿಯ ಮೇಲೆ ಮೈಕು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುವುದು. ನಡುರಾತ್ರಿ ಹೆರಿಗೆ ನೋವು ಬಂದರೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಒಯ್ಯುತ್ತಿದ್ದದ್ದು ಅದು. ದೊಡ್ಡಾಸ್ಪತ್ರೆಯಲ್ಲಿ ಕೊನೆಯುಸಿರೆಳೆದವರನ್ನು ಊರಿಗೆ ತರುತ್ತಿದ್ದದ್ದೂ ಅದೇ.

ಕೆಟ್ಟು ನಿಂತರೆ ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕಿರಲಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಸುತ್ತ ಕೈಯಾಡಿಸುವಷ್ಟು ಜಾಗ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು, ಪಾಯಿಂಟ್ ಉಜ್ಜಿ ಕೂರಿಸುವುದು, ಹಿಂದಿನ ಸ್ಪ್ರಿಂಗ್ ಪ್ಲೇಟ್ ಮುರಿದರೆ ಬೇರೆ ಹಾಕುವುದು, ಇದೆಲ್ಲ ಊರ ಗ್ಯಾರೇಜಿನಲ್ಲೇ ಆಗುತ್ತಿತ್ತು. ಶಾಲೆ ಬಿಟ್ಟ ಹುಡುಗ ಮೇಸ್ತ್ರಿಗೆ ಸ್ಪ್ಯಾನರ್ ಎತ್ತಿಕೊಡುತ್ತ, ಸದ್ದು ಕೇಳಿ ರೋಗ ಹೇಳುವುದನ್ನು ಕಲಿತ. ಕಾರು ಹೆಚ್ಚೇನೂ ಬದಲಾಗದ್ದರಿಂದ ಕಲಿತದ್ದು ವ್ಯರ್ಥವಾಗಲಿಲ್ಲ. ಅದೇ ವಿದ್ಯೆ ಅವನಿಗೆ ಅರ್ಧ ಆಯಸ್ಸಿಗೆ ಅನ್ನ ಕೊಟ್ಟಿತು. ಕಂಪನಿಯ ಜಡತನ ಸಣ್ಣ ಊರಿನ ಪಾಲಿಗೆ ಪಾಠಶಾಲೆಯಾದದ್ದು ಹೀಗೆ. ಇದನ್ನು ನಾನು ಕಡಿಮೆ ಮಾತೆಂದು ತಿಳಿಯುವುದಿಲ್ಲ. ಇವತ್ತು ಕಾರಿನ ಮುಂದೆ ಒಂದು ಕೆಂಪು ದೀಪ ಹತ್ತಿದರೆ, ತಪಾಸಣೆಯ ಯಂತ್ರ ತಂದು ಚುಚ್ಚದ ಹೊರತು ಕಾರಣವೇನೆಂದು ಹೇಳಲು ಅನುಭವಿ ಮೇಸ್ತ್ರಿಗೂ ಎಷ್ಟೋ ಸಲ ಆಗುವುದಿಲ್ಲ.

ಹಾಗೆಂದು ಆ ಕಾಲವೇ ಮರಳಿ ಬರಲಿ ಎನ್ನಲಾರೆ. ಏರ್‌ಬ್ಯಾಗ್ ಇರದ, ಹೊಗೆ ಹೆಚ್ಚು ಉಗುಳುವ ಕಾರು ಅದು. ಘಾಟಿಯಲ್ಲಿ ಬ್ರೇಕು ಒತ್ತುವಾಗ ದೇವರನ್ನು ನೆನೆಯುತ್ತಿದ್ದವರು ಎಷ್ಟೋ ಜನ. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಮಾರುತ್ತಿದ್ದ ಕಾರು ಕೊನೆಯ ವರ್ಷ 2,200ರ ಆಸುಪಾಸಿಗೆ ಇಳಿಯಿತು. 2014ರ ಮೇ 24ರಂದು ಉತ್ತರಪಾರಾದ ಕಾರ್ಖಾನೆ ಕೆಲಸ ನಿಲ್ಲಿಸಿತು. 2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿ ಕೊಟ್ಟು ಆ ಹೆಸರನ್ನು ಕೊಂಡಿತು.

ನಮ್ಮ ಈ ಊರುಗಳಲ್ಲಿ ತೋಟದ ಶೆಡ್ಡಿನಲ್ಲೋ ಹಳೆಯ ಮನೆಯ ಹಿತ್ತಿಲಲ್ಲೋ ಧೂಳು ಹಿಡಿದು ನಿಂತ ಅಂಬಾಸಿಡರ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸಿ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮ ಅವಕಾಶ ಕೊಟ್ಟಿದೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ ತರಬಹುದು. ಅಷ್ಟು ಹಳೆಯದಲ್ಲದಿದ್ದರೆ ಹತ್ತಿರದ ಐಟಿಐಗೆ ಕೊಡಿ. ಅದನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕರೆಸಿ, ಮಕ್ಕಳ ಕೈಗೆ ಸ್ಪ್ಯಾನರ್ ಕೊಡಿಸಿ.