ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಸಂಶಯಪಿಶಾಚಿಯ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೆ ಕಂಡದ್ದನ್ನು ಅಲ್ಲಗಳೆಯಬೇಕೆಂದು ಗಾದೆ ಹೇಳಿಲ್ಲ. ನಂಬುವ ಮುಂಚೆ ಒರೆಗೆ ಹಚ್ಚು ಎಂದಿದೆ, ಅಷ್ಟೆ. ಕಣ್ಣಾರೆ ಕಂಡದ್ದಕ್ಕೇ ಈ ಕಟ್ಟಳೆಯಾದರೆ, ಚುನಾವಣೆಯ ವೇದಿಕೆಯಿಂದ ಕಿವಿಗೆ ಬಿದ್ದದ್ದಕ್ಕೆ ಇನ್ನೆಷ್ಟು ಒರೆ ಬೇಕು?

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕೆ ಭಯ ಹೊಸದಲ್ಲ. ಸಿಡುಬಿನಂಥ ಪಿಡುಗು ಬಂದಾಗ ಈ ಸೀಮೆಯ ಜನ ಮೊರೆಹೋದದ್ದು ಮಾರಮ್ಮನಿಗೆ. ಇಂದಿಗೂ ಭಾದ್ರಪದದ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ, ರೈತರು ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಆ ಭಯದ ಕಾರಣ ಕಣ್ಣೆದುರೇ ಇತ್ತು: ಮೈಮೇಲೆ ಗುಳ್ಳೆಯೆದ್ದ ಮಗು, ಮಳೆ ಕಾಣದ ಹೊಲ. ಚುನಾವಣೆಯ ಹೊತ್ತಿಗೆ ಹಬ್ಬುವ ಬಾಂಬಿನ ಭಯ ಹಾಗಲ್ಲ. ಅದು ದೂರದ ನಗರದಿಂದ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಬರುತ್ತದೆ. ನಿಜವೋ ಸುಳ್ಳೋ ನೋಡಲು ಊರವರಿಗೆ ದಾರಿಯಿಲ್ಲ. ಗಾದೆಯ ಅಗತ್ಯ ಹೆಚ್ಚಿರುವುದು ಇಲ್ಲೇ.

2013ರ ಏಪ್ರಿಲ್ 17ರಂದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಬಿಜೆಪಿ ಕಚೇರಿಯ ಸಮೀಪ ಬಾಂಬ್ ಸಿಡಿಯಿತು. ಪೊಲೀಸರೂ ಸೇರಿ ಹಲವರು ಗಾಯಗೊಂಡರು. ವಿಧಾನಸಭಾ ಚುನಾವಣೆಗೆ ಮೂರು ವಾರವೂ ಉಳಿದಿರಲಿಲ್ಲ. ಇದು ಭಯೋತ್ಪಾದಕ ಕೃತ್ಯವಾದರೆ ಬಿಜೆಪಿಗೆ ರಾಜಕೀಯ ಲಾಭ ಎಂದು ಕಾಂಗ್ರೆಸ್ಸಿನ ಶಕೀಲ್ ಅಹ್ಮದ್ ಅಂದೇ ಟ್ವೀಟ್ ಮಾಡಿದರು. ಗಾಯಾಳುಗಳು ಆಸ್ಪತ್ರೆ ಸೇರುವ ಹೊತ್ತಿಗೆ ಓಟಿನ ಲೆಕ್ಕ ಶುರುವಾಗಿತ್ತು. ಲೆಕ್ಕವೂ ಕೈಕೊಟ್ಟಿತು: ಆ ಚುನಾವಣೆಯಲ್ಲಿ ಬಿಜೆಪಿ ಅಧಿಕಾರ ಕಳೆದುಕೊಂಡಿತು.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಲೋಕಸಭಾ ಚುನಾವಣೆ ಘೋಷಣೆಯಾದ ಮೇಲೆ, ಆಗ ಕೇಂದ್ರ ಸಚಿವೆಯಾಗಿದ್ದ ಬಿಜೆಪಿಯ ಶೋಭಾ ಕರಂದ್ಲಾಜೆ ಅದಕ್ಕೆ ತಮಿಳುನಾಡಿನಿಂದ ಬಂದವರತ್ತ ಬೆರಳು ತೋರಿದರು. ಆಕ್ಷೇಪ ಬಂದಾಗ ಕ್ಷಮೆ ಕೇಳಿದರು. ಚುನಾವಣಾ ಆಯೋಗವೂ ಕ್ರಮಕ್ಕೆ ಸೂಚಿಸಿತು. ಏಪ್ರಿಲ್ 12ರಂದು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಪಶ್ಚಿಮ ಬಂಗಾಳದಲ್ಲಿ ಬಂಧಿಸಿದ ಇಬ್ಬರು ಮುಖ್ಯ ಆರೋಪಿಗಳು ನಮ್ಮದೇ ಶಿವಮೊಗ್ಗ ಜಿಲ್ಲೆಯವರು. ಸ್ಫೋಟ ಪ್ರತ್ಯಕ್ಷವಾಗಿತ್ತು, ಪ್ರಮಾಣಿಸುವ ತಾಳ್ಮೆ ಇರಲಿಲ್ಲ.

ಹಾಗೆಂದು ಎಲ್ಲ ಎಚ್ಚರಿಕೆಯೂ ನಾಟಕವೆಂದು ನಕ್ಕುಬಿಡುವುದು ಜಾಣತನವಲ್ಲ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿದು ಚಾಲಕನ ಮೈ ಸುಟ್ಟಿತು. ಮುಂದಿನ ತಿಂಗಳು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್, ಮತದಾರರ ಮಾಹಿತಿ ಕಳವಿನ ಹಗರಣದಿಂದ ಜನರ ಗಮನ ಬೇರೆಡೆ ತಿರುಗಿಸಲು ಈ ಪ್ರಕರಣ ಬಳಕೆಯಾಯಿತೆಂದರು. ಹೆದರಿಸುವ ಆತುರ ಒಬ್ಬರದು, ಹಗುರ ಮಾಡುವ ಆತುರ ಇನ್ನೊಬ್ಬರದು. ಗಾದೆ ಇಬ್ಬರನ್ನೂ ತಡೆದು ನಿಲ್ಲಿಸುತ್ತದೆ.

ಪ್ರಮಾಣಿಸುವುದು ಹೇಗೆಂಬುದಕ್ಕೂ ನಿದರ್ಶನ ಇಲ್ಲೇ ಇದೆ. ಶ್ರೀಲಂಕಾದ ಈಸ್ಟರ್ ದಾಳಿಯ ಬೆನ್ನಿಗೇ, 2019ರ ಏಪ್ರಿಲ್ 26ರಂದು, ದಕ್ಷಿಣದ ರಾಜ್ಯಗಳಲ್ಲಿ ಉಗ್ರರು ರೈಲುಗಳ ಮೇಲೆ ದಾಳಿ ಮಾಡುತ್ತಾರೆಂದು ಬೆಂಗಳೂರು ಪೊಲೀಸರಿಗೆ ಫೋನ್ ಕರೆ ಬಂತು. ದೇಶದಲ್ಲಿ ಲೋಕಸಭಾ ಚುನಾವಣೆ ಇನ್ನೂ ಮುಗಿದಿರಲಿಲ್ಲ. ಪೊಲೀಸರು ಕರೆಯನ್ನು ಅಲಕ್ಷಿಸದೆ ನೆರೆರಾಜ್ಯಗಳಿಗೆ ಪತ್ರ ಬರೆದರು. ಕರೆಯ ಜಾಡು ಹಿಡಿದು, ಮಾಡಿದ್ದವನನ್ನು ಬಂಧಿಸಿ, ಅದು ಹುಸಿಯೆಂದು ಬಹಿರಂಗವಾಗಿ ತಿಳಿಸಿದರು.

ಎರಡು ಬಗೆಯ ಎಚ್ಚರಿಕೆಗಳ ನಡುವಿನ ವ್ಯತ್ಯಾಸ ಇಷ್ಟು: ನಿಜವಾದ ಎಚ್ಚರಿಕೆ ಜನರಿಗೊಂದು ಕೆಲಸ ಹೇಳುತ್ತದೆ. ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎನ್ನುತ್ತದೆ. ವೇದಿಕೆಯ ಭಯ ಕೇಳುವುದು ಓಟನ್ನು, ಜೊತೆಗೆ ನೆರೆಯವನ ಮೇಲೊಂದು ಅನುಮಾನವನ್ನು.

ಗೌರಸಮುದ್ರ ಇರುವುದು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರದಲ್ಲಿ. ಮಳೆ ನಂಬಿ ಶೇಂಗಾ ಬಿತ್ತುವ ಸೀಮೆಯಿದು. ಇಲ್ಲಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ 2023ರ ಕೇಂದ್ರ ಬಜೆಟ್ ಹೇಳಿತು. ಆ ಹಣದ ಬಗ್ಗೆ ಕೇಂದ್ರ, ರಾಜ್ಯಗಳು ಒಬ್ಬರನ್ನೊಬ್ಬರು ದೂರಿದ್ದೇ ಹೆಚ್ಚು. ಭಯದ ಭಾಷಣ ನಡೆಯುವಷ್ಟು ಹೊತ್ತೂ ಈ ನೀರಿನ ಪ್ರಶ್ನೆ ಮೂಲೆ ಸೇರಿರುತ್ತದೆ.

ಶೇಂಗಾ ಬೀಜ ಕೊಳ್ಳುವಾಗ ಕಾಯಿ ಒಡೆದು ನೋಡುವ ರೈತನಿಗೆ ಗಾದೆಯ ಪಾಠ ಹೇಳಿಕೊಡಬೇಕಾಗಿಲ್ಲ. ಮುಂದಿನ ಚುನಾವಣೆಯಲ್ಲಿ ಯಾರಾದರೂ ಬಾಂಬಿನ ಮಾತೆತ್ತಿದರೆ ಕೇಳಿ: ತನಿಖೆಯಲ್ಲಿ ಕಂಡುಬಂದದ್ದೇನು, ನಮ್ಮ ಪಾಲಿನ ನೀರಿನ ಗತಿಯೇನು? ಎರಡಕ್ಕೂ ಉತ್ತರ ಸಿಕ್ಕ ಮೇಲೆ ಓಟು ಹಾಕಿ.